ಸಂದಿಲ್ಲದ ಸರ

ಮೆಲ್ಲಗೆ ಮಾತಾಡು ಎಂದು ನನಗೆ ಜೀವಮಾನವಿಡೀ ಬುದ್ಧಿ ಹೇಳಿದವರು ಈ ಕಥೆಯನ್ನು ಕೇಳಲೇಬೇಕು. ನಾನು ಹುಟ್ಟಿದಾಗ ಅತ್ತ ದನಿಗೆ ಹಿತ್ತಲಿನ ಕೋಳಿಗಳು ಗೋಡೆ ಹಾರಿ ಹೋದವಂತೆ. ಸೂಲಗಿತ್ತಿ ಸಾಯುವ ತನಕ ಅದನ್ನೇ ಹೇಳುತ್ತಿದ್ದಳು. ಅವತ್ತಿನಿಂದ ಇವತ್ತಿನವರೆಗೆ ನನ್ನ ದನಿ ಇಳಿದಿಲ್ಲ, ಈ ಕಥೆಗಾಗಿ ಇಳಿಸುವುದೂ ಇಲ್ಲ. ಸಿಟ್ಟು ಇನ್ನೂ ಆರಿಲ್ಲ. ಆರಲಿ ಎಂಬ ಆಸೆಯೂ ನನಗಿಲ್ಲ. ಕಿವಿಗೆ ತ್ರಾಸಾಗುವವರು ಈಗಲೇ ಎದ್ದು ಹೋಗಬಹುದು.

ನಮ್ಮೂರಿನಲ್ಲಿ ಪ್ರತಿ ಮನೆಯ ಬಾಗಿಲಿಗೂ ಒಂದು ಸರ ತೂಗುತ್ತದೆ. ಬೇವಿನ ಕಟ್ಟಿಗೆಯ ಮಣಿಗಳ ಸರ. ಮನೆಗೆ ಸೇರಿದ್ದಕ್ಕೆಲ್ಲ ಅದರಲ್ಲಿ ಒಂದೊಂದು ಮಣಿ. ಅಜ್ಜನಿಗೊಂದು, ಎಮ್ಮೆಗೊಂದು, ಬಾವಿಗೊಂದು, ಬೀಸುವ ಕಲ್ಲಿಗೊಂದು. ಅಜ್ಜನ ಕೆಮ್ಮು ಹಳೆಯದಾಗಿದ್ದರೆ ಅದಕ್ಕೂ ಒಂದು. ಸರದಲ್ಲಿ ಇರುವುದು ಮನೆಯದು. ಸರದಿಂದ ಹೋದದ್ದು ಮನೆಯದಲ್ಲ, ಮನೆಯದಲ್ಲದ್ದನ್ನು ಯಜಮಾನ ಬಾ ಅನ್ನದೆ ಹೊಸ್ತಿಲು ಒಳಗೆ ಬಿಡುವುದಿಲ್ಲ. ಹೋದದ್ದರ ನೆನಪು ಒಳಗೆ ಉಳಿದವರಿಗೆ ಎಳ್ಳಷ್ಟೂ ಇರುವುದಿಲ್ಲ. ಹೊರಗೆ ಬಿದ್ದವರಿಗೆ ಮಾತ್ರ ಎಲ್ಲ ನೆನಪಿರುತ್ತದೆ, ತಿಂದ ಊಟದ ಉಪ್ಪು ಕೂಡ. ಇದು ಯಾವ ನ್ಯಾಯ ಎಂದು ನಾನು ಚಿಕ್ಕಂದಿನಲ್ಲಿ ನಮ್ಮವ್ವನನ್ನು ಕೇಳಿದ್ದೆ. ನಮ್ಮವ್ವ ತಲೆಗೆ ಒಂದು ಮೊಟಕಿ ಹೂರಣ ರುಬ್ಬಲು ಹಚ್ಚಿದ್ದಳು.

ಸರದಿಂದ ಮಣಿ ಕೀಳುವ ಕೆಲಸ ಅಡಿವೆಪ್ಪನದು. ಅವನ ಹತ್ತಿರ ಹಿತ್ತಾಳೆಯ ಒಂದು ಸಣ್ಣ ಕೊಕ್ಕೆ ಇದೆ. ಮನೆಯ ಯಜಮಾನ ಹೊಸ್ತಿಲ ಮೇಲೆ ನಿಂತು ಏನು ಹೋಗಬೇಕು ಎಂದು ಒಂದು ಮಾತು ಹೇಳಬೇಕು. ಅಡಿವೆಪ್ಪ ಆ ಮಾತನ್ನು ತಿರುಗಿ ಹೇಳಿ, ಕೊಕ್ಕೆಯನ್ನು ಸರದ ತಲೆಯಿಂದ ತುದಿಯವರೆಗೆ ಒಮ್ಮೆ ಎಳೆಯುತ್ತಾನೆ. ಹೇಳಿದ ಮಾತಿಗೆ ಹೊಂದಿದ ಮಣಿ ಒಂದಿದ್ದರೆ ಒಂದು, ಹತ್ತಿದ್ದರೆ ಹತ್ತೂ ಅವನ ಅಂಗೈಗೆ ಬೀಳುತ್ತವೆ. ದಾರ ಹರಿಯುವುದಿಲ್ಲ. ಮೇಲಿನ ಮಣಿಗಳು ಜಾರಿ ಕೆಳಗಿನವಕ್ಕೆ ಟಕ್ಕನೆ ಕೂಡುತ್ತವೆ, ನಡುವೆ ಕೂದಲು ತೂರುವಷ್ಟು ಸಂದೂ ಉಳಿಯುವುದಿಲ್ಲ. ಊರಿನವರು ಅದನ್ನೇ ಹೊಗಳುತ್ತಾರೆ. ಎಂಥ ಅಚ್ಚುಕಟ್ಟು ಕೆಲಸ, ಏನೂ ಹೋಗಿಯೇ ಇಲ್ಲ ಅನ್ನಬೇಕು! ನನ್ನ ಹೊಟ್ಟೆ ಉರಿಯುವುದೂ ಅಲ್ಲಿಯೇ.

ಹೀಗಾಗಿ ನಮ್ಮ ಜನ ಮಾತು ಕಟ್ಟುವುದನ್ನು ಮದುವೆ ಮಾತುಕತೆಗಿಂತ ಹುಷಾರಾಗಿ ಮಾಡುತ್ತಾರೆ. ಒಂದು ಮುದಿ ಎಮ್ಮೆಯನ್ನು ಬಿಡಬೇಕಾದರೆ 'ಎಡಗೊಂಬು ಮುರಿದ, ಬಾಲ ಮೋಟಾದ, ಹಣೆಯ ಮೇಲೆ ಬಿಳಿ ಚುಕ್ಕೆಯ ಎಮ್ಮೆ' ಎಂದು ಹೇಳಬೇಕು. 'ಹಾಲು ಕೊಡದ ಹಳೇದೆಲ್ಲ ಹೋಗಲಿ' ಎಂದು ಜಂಬದಿಂದ ಹೇಳಿದವನೊಬ್ಬ ಎತ್ತು, ನೇಗಿಲು, ಹೆತ್ತ ತಂದೆ ಮೂರನ್ನೂ ಕಳೆದುಕೊಂಡು ಒಂದು ಆಡಿನ ಜೊತೆ ಸುಖವಾಗಿ ಬದುಕಿದ. ಏನು ಹೋಯಿತೆಂದು ಗೊತ್ತಿದ್ದರಲ್ಲವೇ ದುಃಖ? ನಮ್ಮ ಓಣಿಯ ಕಲ್ಲವ್ವ ಗಂಡನ ಗೊರಕೆ ತಾಳಲಾರದೆ ಗಂಡನಿಂದಲೇ 'ನಿದ್ದೆ ಕೆಡಿಸುವ ಸಪ್ಪಳ' ಎಂದು ಹೇಳಿಸಿದಳು. ಗೊರಕೆಯ ಬೆನ್ನಿಗೆ ನಾಯಿಯ ಬೊಗಳಿಕೆಯೂ ಹೋಯಿತು. ಆ ವಾರವೇ ಕಳ್ಳರು ಹಿತ್ತಲಿಗೆ ನುಗ್ಗಿ ಹಂಡೆಯ ಸಮೇತ ಎಲ್ಲವನ್ನೂ ಹೊತ್ತೊಯ್ದರು, ಗಂಡ ಹೆಂಡತಿ ಹಾಯಾಗಿ ಮಲಗಿದ್ದರು.

ಇನ್ನೊಂದು ಮಾತು. ಸರದ ತುದಿಯ ಮಣಿಯನ್ನು ಕೀಳಲು ಯಾವ ಮಾತೂ ಬೇಕಿಲ್ಲ. ಯಜಮಾನ ತುದಿ ಎಂದು ಬೆರಳು ತೋರಿದರೆ ಮುಗಿಯಿತು. ಹೊಸದಾಗಿ ಬಂದದ್ದು ಯಾವಾಗಲೂ ತುದಿಗೇ ಸೇರುವುದರಿಂದ ನಮ್ಮಲ್ಲಿ ಕೂಸು ಹುಟ್ಟಿದ ಕೂಡಲೇ ಅದರ ಬೆನ್ನಿಗೆ ಒಂದು ಗಡಿಗೆಯದೋ ಕೋಳಿಯದೋ ಮಣಿ ಪೋಣಿಸುತ್ತೇವೆ. ಅದಕ್ಕೆ ಕಾವಲು ಮಣಿ ಎಂದು ಹೆಸರು. ನನ್ನ ತಮ್ಮ ಫಕ್ಕೀರಪ್ಪನ ಹಿಂದೆ ನಮ್ಮವ್ವ ಒಂದು ಒನಕೆಯ ಮಣಿ ಪೋಣಿಸಿದ್ದಳು. ಹೆಣ್ಣಾಗಿ ಹುಟ್ಟಿದ ನನ್ನ ಹಿಂದೆ ಯಾರೂ ಏನೂ ಪೋಣಿಸಿರಲಿಲ್ಲವಂತೆ. ತಮ್ಮ ಹುಟ್ಟಿದ ಮೇಲೆ ಅವನೇ ನನ್ನ ಕಾವಲು ಎಂದು ಎಲ್ಲರೂ ನಕ್ಕರಂತೆ. ಕಾವಲು ಕಾದ ಚಂದವನ್ನು ಮುಂದೆ ಕೇಳಿ.

ನಾನು ತುಂಗವ್ವ. ಕೌದಿ ಹೊಲಿಯುತ್ತೇನೆ. ಹರಿದ ಸೀರೆ, ಸವೆದ ಧೋತರ, ಸತ್ತವರ ಅಂಗಿ ಯಾವುದನ್ನೂ ನಾನು ಬಿಸಾಡುವವಳಲ್ಲ, ಎಲ್ಲಕ್ಕೂ ಒಂದು ಜಾಗ ಹುಡುಕಿ ಟಾಕು ಹಾಕುತ್ತೇನೆ. ಗಂಡನ ಮನೆಯಲ್ಲಿ ನಾಲ್ಕು ದಿನ ಬಾಳಿ, ಅವನ ಕೈಗಿಂತ ನನ್ನ ಬಾಯಿ ಮುಂದೆ ಎಂದು ತೋರಿಸಿ, ತವರಿಗೆ ಬಂದೆ. ಅವ್ವ ಸತ್ತಾಗ ಫಕ್ಕೀರಪ್ಪನಿಗೆ ಇನ್ನೂ ಚಡ್ಡಿಯ ಲಾಡಿ ಕಟ್ಟಲು ಬರುತ್ತಿರಲಿಲ್ಲ. ಸೊಂಟದ ಮೇಲೆ ಹೊತ್ತು ಬೆಳೆಸಿದೆ. ಜ್ವರ ಬಂದಾಗ ನನ್ನ ಕೌದಿಯಲ್ಲಿ ಸುತ್ತಿಕೊಂಡು ಕೂತೆ. ಹೆಣ್ಣು ಹುಡುಕಿ ಮದುವೆ ಮಾಡಿದೆ. ಆ ಹೆಣ್ಣೇ ಈರವ್ವ.

ಈರವ್ವನ ದನಿಯನ್ನು ಕೇಳಬೇಕಾದರೆ ಅವಳ ಬಾಯಿಯ ಹತ್ತಿರ ಕಿವಿ ಒಯ್ಯಬೇಕು. ರೊಟ್ಟಿ ಬಡಿಯುವಾಗ ಕೂಡ ಸಪ್ಪಳ ಹೆಚ್ಚಾಯಿತೇನೋ ಎಂದು ಹೆದರುವ ಜೀವ. ಫಕ್ಕೀರಪ್ಪ ಅವಳನ್ನು ಹೊಡೆಯುತ್ತಿದ್ದ. ಸಾರಿಗೆ ಉಪ್ಪು ಹೆಚ್ಚಾದರೆ ಹೊಡೆತ, ಕಡಿಮೆಯಾದರೆ ಹೊಡೆತ, ಸರಿಯಾಗಿದ್ದರೆ ಬಾಯಿ ಸತ್ತವಳು ಎಂದು ಹೊಡೆತ. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಮೂಲೆಯಲ್ಲಿ ಕೂಡುವಳು. ನಾನು ಅಂಗಳಕ್ಕೆ ಬಂದು ಓಣಿಯ ಈ ತುದಿಯಿಂದ ಆ ತುದಿಯವರೆಗೆ ಕೇಳುವ ಹಾಗೆ ಕೂಗುತ್ತಿದ್ದೆ. ಜನ ಕೂಡುತ್ತಿದ್ದರು. ಅವನ ಕೈ ಇಳಿಯುತ್ತಿತ್ತು. ಅವನಿಗೆ ದೇವರ ಭಯ ಇರಲಿಲ್ಲ, ಓಣಿಯ ಭಯ ಇತ್ತು.

"ನಿಂದ ಭಾಳ ಆತಕ್ಕಾ," ಎಂದು ಒಂದು ದಿನ ಅಂದ. "ನನ್ನ ಹೇಂತಿ, ನನ್ನ ಮನಿ. ನೀ ಯಾಕ ಊರ ಕೂಡಸ್ತಿ?"

"ಅಕಿ ಬಾಯಿ ಮಾಡೂದಿಲ್ಲ, ಅದಕ್ಕ ನಾ ಮಾಡತೀನಿ. ನೀ ಕೈ ಮಾಡೂದು ಬಿಡು, ನಾ ಬಾಯಿ ಮಾಡೂದು ಬಿಡತೀನಿ."

ಆಗ ಬಾಗಿಲ ಮರೆಯಿಂದ ಇನ್ನೊಂದು ದನಿ ಬಂತು. "ನಾನೂ ಬಾಯಿ ಮಾಡತೀನಿ! ನಮ್ಮವ್ವನ್ನ ಹೊಡದ್ರ ಊರೆಲ್ಲಾ ಕೇಳೂಹಂಗ ಒದರತೀನಿ!" ಅವನ ಮಗಳು ಹೊನ್ನಿ. ಆಗಷ್ಟೇ ಮುಂದಿನ ಹಲ್ಲು ಬಿದ್ದಿದ್ದವು, ಮಾತಿನ ಜೊತೆ ಗಾಳಿಯೂ ಬರುತ್ತಿತ್ತು. ಸೋದರತ್ತೆಯ ಬಾಯಿ ಸೋದರ ಸೊಸೆಗೆ ಬಂದಿದೆ ಎಂದು ಓಣಿಯೇ ನಗುತ್ತಿತ್ತು. ಫಕ್ಕೀರಪ್ಪ ನಗಲಿಲ್ಲ. ಬಾಗಿಲ ಸರದ ಕಡೆ ಒಮ್ಮೆ ನೋಡಿ, ಹೆಗಲಿಗೆ ವಸ್ತ್ರ ಹಾಕಿಕೊಂಡು ಹೊರಗೆ ಹೋದ.

ಮರುದಿನ ಕೌದಿಗಳ ಗಂಟು ಹೊತ್ತು ನಾನು ಕೆರೆಗೆ ಹೋದೆ. ಹೊನ್ನಿಯೂ ಬೆನ್ನು ಹತ್ತಿದಳು. ಒಗೆದು, ಬಂಡೆಯ ಮೇಲೆ ಒಣಗಿಸಿ, ಮಧ್ಯಾಹ್ನ ತಿರುಗಿ ಬಂದೆವು. ನಮ್ಮ ಬಾಗಿಲ ಮುಂದೆ ಅಡಿವೆಪ್ಪ ಮುಚ್ಚಿದ ಮುಷ್ಟಿ ಹಿಡಿದು ನಿಂತಿದ್ದ. ನಾನು ಹೊಸ್ತಿಲಿಗೆ ಕಾಲಿಟ್ಟೆ. ಹೊಸ್ತಿಲು ಕಾಲನ್ನು ಒಪ್ಪಲಿಲ್ಲ. ಎತ್ತಿದ ಕಾಲು ಮತ್ತೆ ಅಂಗಳದಲ್ಲೇ ಇತ್ತು. ಹೊನ್ನಿ ಓಡಿಬಂದು ಹಾರಿದಳು. ಅವಳೂ ಹಾರಿದ ಜಾಗದಲ್ಲೇ ಬಿದ್ದಳು.

ಅಡಿವೆಪ್ಪ ಮುಷ್ಟಿ ಬಿಚ್ಚಿದ. ಎರಡು ಮಣಿ.

"ಯಾಕ ಎರಡು?" ಎಂದೆ. ನನ್ನ ಮಣಿ ನನಗೆ ಕಂಡಿತ್ತು, ಅದಕ್ಕೆ ನಾನು ಅಳಲಿಲ್ಲ. ಎರಡನೆಯದು ಸಣ್ಣದು, ಇನ್ನೂ ಬೇವಿನ ವಾಸನೆ ಹೋಗಿರಲಿಲ್ಲ.

"ಈ ಮನ್ಯಾಗ ಬಾಯಿ ಮಾಡೂ ಹೆಣ್ಣು ಯಾವದೂ ಉಳೀಬಾರದು ಅಂದ್ರು. ಕೊಕ್ಕಿಗೆ ಎರಡ ಬಂದೂವು."

"ಕೂಸಿಂದು ತಿರುಗಿ ಹಾಕಲಿಲ್ಲ್ಯಾಕ?"

"ಹಾಕು ಅಂತ ಯಜಮಾನ್ರು ಅನ್ನಬೇಕಲ್ರೀ? ನಾ ಕೇಳಿದ್ನಿ. ಇದು ನಿಮ್ಮ ಕೂಸಿನ ಮಣಿ, ತುದಿಗೆ ಹಾಕ್ಲೇನು ಅಂತ. ಬಿದ್ದಕೂಡ್ಲೆ ಅವರಿಗೆ ಮರತಹೋಗಿತ್ತು. ಯಾವ ಕೂಸು ಅಂದ್ರು."

"ಎಳಿಯೂಕಿಂತ ಮೊದಲ ಕೇಳಾಕ ಏನಾಗಿತ್ತೋ ನಿನಗ? ಓಣ್ಯಾಗಿನ ನಾಯಿಗೂ ಗೊತ್ತೈತಿ ಈ ಕೂಸಿನ ಬಾಯಿ!"

"ನನ್ನ ಕೈ ಮಾರಿ ನೋಡೂದಿಲ್ರೀ ಅಕ್ಕಾರ. ಮಾತು ನೋಡತೈತಿ." ಇಷ್ಟು ಹೇಳಿ ಮಣಿಗಳನ್ನು ನನ್ನ ಉಡಿಗೆ ಹಾಕಿ, ಊಟದ ಹೊತ್ತಾಯಿತೆಂದು ಹೊರಟುಹೋದ. ತನ್ನ ಕೈಯಿಂದ ಆದ ಕೆಲಸವನ್ನು ಕೊಕ್ಕೆಯ ಮೇಲೆ ಹಾಕಿ ಹೊಟ್ಟೆ ತುಂಬ ಉಣ್ಣುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಸರದ ಕಡೆ ನೋಡಿದೆ. ಫಕ್ಕೀರಪ್ಪನ ಮಣಿ, ಒನಕೆ, ಈರವ್ವ, ಬೀಸುವ ಕಲ್ಲು, ಬಾವಿ, ಹುಂಜ, ನಾಯಿ. ಒಂದಕ್ಕೊಂದು ಅಂಟಿ ಕೂತಿದ್ದವು. ನಾವಿದ್ದ ಜಾಗ ಎಲ್ಲಿ ಎಂದು ಬೆರಳಿಟ್ಟು ತೋರಿಸಲು ನನಗೇ ಆಗಲಿಲ್ಲ.

ಒಳಗಿನಿಂದ ಈರವ್ವ ಬಂದಳು. ಅಂಗಳದಲ್ಲಿ ಬಿದ್ದು ಮೊಣಕಾಲು ಕೆತ್ತಿಸಿಕೊಂಡ ಹುಡುಗಿಯನ್ನು ನೋಡಿ "ಅಯ್ಯ, ಯಾರ ಕೂಸವಾ ಇದು? ಪೆಟ್ಟಾತೇನು?" ಎಂದಳು. ಹೊನ್ನಿ ಎದ್ದು "ಯವ್ವಾ" ಎಂದು ಕೈ ಚಾಚಿದಳು. ಈರವ್ವ ನಕ್ಕಳು, ಹಾದಿಹೋಕರ ಮಕ್ಕಳನ್ನು ಕಂಡು ನಗುವ ಹಾಗೆ. ಒಳಗೆ ಹೋಗಿ ಅರ್ಧ ರೊಟ್ಟಿ ತಂದು, ಹೊಸ್ತಿಲ ಒಳಗಿನಿಂದಲೇ ಮಗಳ ಕೈಗೆ ಹಾಕಿ, ಅವಳ ಆ ಸಣ್ಣ ದನಿಯಲ್ಲಿ "ಮುಂದಿನ ಮನಿಗೆ ಹೋಗವಾ ತಂಗಿ" ಅಂದಳು.

"ಈರವ್ವಾ, ಇಕಿ ನಿನ್ನ ಮಗಳು. ನೀ ಹಡದ ಮಗಳು!" ಎಂದು ನಾನು ಕೂಗಿದೆ.

"ಹೌದೇನ್ರಿ? ಚಂದ ಅದಾಳ," ಎಂದಳು ಪಾಪ, ನನ್ನ ಮನಸ್ಸು ನೋಯಬಾರದೆಂದು.

ಓಣಿಯವರಿಗೆಲ್ಲ ಎಲ್ಲ ಗೊತ್ತಿತ್ತು. ಸರ ನಮ್ಮ ಮನೆಯದು, ಮರೆವು ನಮ್ಮ ಮನೆಯದು, ಅವರ ಕಣ್ಣಿಗೇನಾಗಿತ್ತು? ನಾನು ಕಲ್ಲವ್ವನ ಕಟ್ಟೆಯ ಮೇಲೆ ಕೂತು ಕೇಳಿದೆ. "ಅವರ ಮನಿ ಸರ, ಅವರ ಮಾತು. ನಾವೇನ ಮಾಡೂಣವಾ?" ಎಂದು ಅವಳು ಅವರೆಕಾಯಿ ಸುಲಿಯತೊಡಗಿದಳು. ಹಿರಿಯರ ಚಾವಡಿಗೆ ಹೋದೆ. ಹಿರಿಯರು ಎಲೆ ಅಡಿಕೆ ಹಾಕಿಕೊಂಡು, ಇದು ಹಿಂದಿನಿಂದ ಬಂದ ರೂಢಿ, ಮಾತು ಆಡಿದರೆ ಹೋಯಿತು ಮುತ್ತು ಒಡೆದರೆ ಹೋಯಿತು, ಎಂದು ಗಾದೆ ಹೇಳಿ ಕಳಿಸಿದರು. ಹಿಂದಿನಿಂದ ಬಂದದ್ದೆಲ್ಲ ರೂಢಿಯಾದರೆ ಬೆನ್ನಿಗೆ ಬಿದ್ದ ಬಾಸುಂಡೆಯೂ ರೂಢಿಯೇ ಎಂದು ನಾನಂದೆ. ಸ್ವಲ್ಪ ಮೆಲ್ಲಗೆ ಮಾತಾಡು ಎಂದರು.

ಫಕ್ಕೀರಪ್ಪ ಸಂತೆಯಲ್ಲಿ ಸಿಕ್ಕ. ಮೆಣಸಿನಕಾಯಿ ಆರಿಸುತ್ತಿದ್ದ. ರಟ್ಟೆ ಹಿಡಿದು ತಿರುಗಿಸಿದೆ. "ಯಾರವಾ ನೀನು?" ಎಂದ. ಸುಳ್ಳು ಹೇಳುವಾಗ ಅವನ ಎಡಗಣ್ಣು ಮಿಟುಕುತ್ತದೆ, ಅದು ನನಗೆ ಗೊತ್ತು. ಕಣ್ಣು ಮಿಟುಕಲಿಲ್ಲ. ನಿಜವಾಗಿಯೂ ಅವನಿಗೆ ನಾನು ಯಾರೂ ಆಗಿರಲಿಲ್ಲ. ಬೈಯೋಣವೆಂದರೆ ಬೈಗುಳ ಯಾರಿಗೆ ಮುಟ್ಟಬೇಕು? ಕಿತ್ತವನು ಹಗುರಾಗಿ ಮೆಣಸಿನಕಾಯಿ ಆರಿಸುತ್ತಾನೆ, ಕಿತ್ತುಬಿದ್ದವಳು ಅವನ ಜ್ವರದ ರಾತ್ರಿಗಳನ್ನೂ ಹೊತ್ತುಕೊಂಡು ತಿರುಗಬೇಕು! ಆ ದಿನ ಸಂತೆಯ ನಡುವೆ ನಿಂತು ನಾನು ಅತ್ತೆ. ಅಳು ಸಿಟ್ಟಿನದು, ಆದರೂ ಅಳುವೇ.

ಊರ ಹೊರಗೆ ಒಂದು ಹಾಳುಬಿದ್ದ ಗಾಣದ ಮನೆ ಇತ್ತು. ಬಾಗಿಲನ್ನು ಯಾರೋ ಎಂದೋ ಒಲೆಗೆ ಹಾಕಿದ್ದರು. ಬಾಗಿಲಿನ ಜಾಗಕ್ಕೆ ನನ್ನ ದಪ್ಪನೆಯ ಕೌದಿಯೊಂದನ್ನು ತೂಗುಬಿಟ್ಟೆ. ಕೌದಿ ಹೊಲಿಯುವ ದಾರವನ್ನು ಮೂರೆಳೆ ಹೊಸೆದು, ನನ್ನ ಮಣಿ, ಅದರ ಕೆಳಗೆ ಹೊನ್ನಿಯ ಮಣಿ, ಅವಳಿಗೆ ಕಾವಲಾಗಿ ನನ್ನ ಕತ್ತರಿಗೊಂದು ಹೊಸ ಮಣಿ ಪೋಣಿಸಿ, ಕೌದಿಯ ಮೇಲೆ ಕಟ್ಟಿದೆ. ಕಲ್ಲವ್ವ ಸೊಂಟಕ್ಕೆ ಕೈಕೊಟ್ಟು ನೋಡಿ "ಬಾಗಲಾ ಇಲ್ಲದ ಸರ ಸರ ಅಲ್ಲ ತುಂಗವ್ವಾ, ಗಂಡಸಿಲ್ಲದ ಮನಿಗೆ ಯಜಮಾನ ಯಾರು?" ಎಂದಳು. ಸೂಜಿ ಹಿಡಿದವಳು ನಾನು, ಯಜಮಾನಿ ನಾನೇ ಎಂದೆ. ಅವಳು ಒಳಗೆ ಬರಲು ಕಾಲೆತ್ತಿದಳು. ನಾನು ಬಾ ಅನ್ನುವವರೆಗೆ ಆ ಮುರುಕು ಹೊಸ್ತಿಲು ಅವಳ ಕಾಲನ್ನು ಒಪ್ಪಲಿಲ್ಲ. ಆಮೇಲೆ ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.

ನಮ್ಮ ಮನೆಯೇನೋ ಆಯಿತು. ಆದರೆ ಹೊನ್ನಿಯ ಅವ್ವ ಆ ಸರದಲ್ಲಿ ಉಳಿದಳಲ್ಲ? ಅವಳ ಮಣಿ ನನ್ನ ಕೈಗೆ ಬಂದರೆ ಅವಳು ನಮ್ಮವಳು. ಆ ಮಣಿಯನ್ನು ಬಿಡಿಸುವ ಮಾತನ್ನು ಫಕ್ಕೀರಪ್ಪನೇ ಹೇಳಬೇಕು. ಬಾಯಿಲ್ಲದ, ಬೇಯಿಸಿ ಹಾಕುವ, ಹೊಡೆದರೆ ಹೊಡೆಸಿಕೊಳ್ಳುವ ಹೆಂಡತಿಯನ್ನು ಯಾವ ಗಂಡ ಬಿಡುತ್ತಾನೆ? ಕತ್ತರಿ ಒಯ್ದು ಅವರ ದಾರವನ್ನೇ ಕತ್ತರಿಸಿಬಿಡಲೇ ಎಂದು ಯೋಚಿಸಿದೆ. ದಾರ ಹರಿದರೆ ಚೆಲ್ಲಿದ ಮಣಿಗಳು ಒಡೆಯುತ್ತವೆ, ಒಡೆದ ಮಣಿಯವರು ತಮ್ಮನ್ನು ತಾವೇ ಮರೆಯುತ್ತಾರೆ. ಕತ್ತರಿಯನ್ನು ಮಡಿಲಲ್ಲಿ ಇಟ್ಟುಕೊಂಡು ಹಲ್ಲು ಕಡಿದೆ.

ಹೊನ್ನಿ ದಿನವೂ ರೊಟ್ಟಿಯ ಹೊತ್ತಿಗೆ ಆ ಅಂಗಳಕ್ಕೆ ಹೋಗುತ್ತಿದ್ದಳು. ಬೇಡ ಎಂದರೆ ಕೇಳುವವಳೇ? ದಿನವೂ ಈರವ್ವ ಬಂದು ಅರ್ಧ ರೊಟ್ಟಿ ಕೊಟ್ಟು, ಮುಂದಿನ ಮನೆಗೆ ಹೋಗು ಎನ್ನುವಳು. ಕೆಲವು ದಿನ ಅವಳ ತುಟಿ ಬಾತಿರುತ್ತಿತ್ತು, ಕೆಲವು ದಿನ ಎಡಗೈಯಲ್ಲಿ ಕೊಡುತ್ತಿದ್ದಳು, ಬಲಗೈ ಏಳುತ್ತಿರಲಿಲ್ಲ. ಈಗ ಆ ಮನೆಯಲ್ಲಿ ಕೂಗುವವರು ಯಾರೂ ಇರಲಿಲ್ಲ. ಓಣಿಗೆ ಏನೂ ಕೇಳುತ್ತಿರಲಿಲ್ಲ. ಏನೂ ಕೇಳದ ಮನೆ ಸುಖದ ಮನೆ ಎಂದು ಓಣಿ ತೀರ್ಮಾನ ಮಾಡಿತ್ತು. ಹೊನ್ನಿ ಆ ರೊಟ್ಟಿಯನ್ನು ತಿನ್ನುತ್ತಿರಲಿಲ್ಲ. ತಂದು ನನ್ನ ಚಿಂದಿ ಬುಟ್ಟಿಯ ಪಕ್ಕ ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದಳು. ಜೋಳದ ರೊಟ್ಟಿ ಕೆಡುವುದಿಲ್ಲ, ಖಡಕ್ ಆಗುತ್ತದೆ. ಅರ್ಧ ರೊಟ್ಟಿಗಳು ಒಂದರ ಮೇಲೊಂದು ಏರತೊಡಗಿದವು.

"ತಿನ್ನಬಾರದೇನ?" ಎಂದು ಕೇಳಿದೆ.

"ಭಿಕ್ಷೆ ಅಂತ ಕೊಟ್ಟಾಳತ್ತಿ. ನಮ್ಮವ್ವಗ ನೆನಪಾದಮ್ಯಾಲೆ ತಿಂತೀನಿ."

ನಾನು ಆ ರೊಟ್ಟಿಗಳಿಗೆ ಇನ್ನೊಂದು ಬಟ್ಟೆ ಸುತ್ತಿ ಗಂಟು ಕಟ್ಟಿಟ್ಟೆ.

ಒಂದು ದಿನ ಹೊನ್ನಿ ಹೋದವಳು ಹೊತ್ತಾದರೂ ಬರಲಿಲ್ಲ. ಸೂಜಿಯನ್ನು ಕೌದಿಗೆ ಚುಚ್ಚಿ ಹೊರಟೆ. ಓಣಿಯ ತಿರುವಿನಲ್ಲೇ ಅವಳ ದನಿ ಕೇಳಿತು. "ಬಿಡೋ! ನಮ್ಮವ್ವನ್ನ ಬಿಡೋ!" ನಾನು ಓಡಿದೆ. ತೆರೆದ ಬಾಗಿಲೊಳಗೆ ಫಕ್ಕೀರಪ್ಪ ಈರವ್ವನ ಕೂದಲು ಹಿಡಿದಿದ್ದ. ಹೊನ್ನಿ ಹೊಸ್ತಿಲಿನ ಹೊರಗೆ ನಿಂತು ಒಂದೇ ಸಮನೆ ಒದರುತ್ತಿದ್ದಳು. ಅವಳ ದನಿಗೆ ನಾಯಿ ಬೊಗಳಿತು, ನಾಯಿಗೆ ಬೆದರಿ ಹುಂಜ ಗೋಡೆ ಏರಿ ಕೂಗಿತು. ಫಕ್ಕೀರಪ್ಪ ಹೆಂಡತಿಯನ್ನು ಬಿಟ್ಟು, ಒನಕೆ ಎತ್ತಿಕೊಂಡು, ಅಂಗಳಕ್ಕೆ ಹಾರಿ ಬಂದ.

"ಭಿಕ್ಷೆ ಬೇಡೂ ಕೂಸು, ನನ್ನ ಮನಿ ಮುಂದ ಬಾಯಿ ಮಾಡತೈತಿ!"

ಒನಕೆ ಮೇಲೇರಿತು. ನಾನು ಇನ್ನೂ ಇಪ್ಪತ್ತು ಮಾರು ದೂರದಲ್ಲಿದ್ದೆ. ಆಗ ಒಂದು ದನಿ ಎದ್ದಿತು. ನನ್ನದಲ್ಲ, ಹೊನ್ನಿಯದಲ್ಲ, ಆ ಓಣಿಯಲ್ಲಿ ಯಾರೂ ಎಂದೂ ಕೇಳಿದ ದನಿಯಲ್ಲ.

"ಮುಟ್ಟಬ್ಯಾಡಾ ಆ ಕೂಸನ್ನ!"

ಈರವ್ವ ಹೊಸ್ತಿಲ ಮೇಲೆ ನಿಂತಿದ್ದಳು. ಕೂದಲು ಬಿಚ್ಚಿತ್ತು. ಅವಳ ಪಾಲಿಗೆ ಹೊನ್ನಿ ಯಾರೋ ಹಾದಿಯ ಹುಡುಗಿ. ತನಗೆ ಬಿದ್ದ ಹೊಡೆತಕ್ಕೆ ಒಮ್ಮೆಯೂ ಏಳದ ದನಿ ಆ ಹಾದಿಯ ಹುಡುಗಿಗಾಗಿ ಎದ್ದಿತ್ತು. "ಯಾರ ಕೂಸರ ಆಗವಲ್ಲದ್ಯಾಕ! ಅದರ ಮೈಮ್ಯಾಲೆ ಒನಕಿ ಬಿತ್ತಂದ್ರ ನಿನ್ನ ಕೈ ಮುರದ ಒಲಿಗೆ ಹಾಕತೀನಿ! ಓಣ್ಯಾಗಿನವರ, ಬರ್ರೀ ಹೊರಗ, ನೋಡ್ರೀ ಇವನ ಗಂಡಸ್ತನ!"

ಕಲ್ಲವ್ವನ ಕೈಯಿಂದ ಮೊರ ಬಿತ್ತು. ಬಾಗಿಲುಗಳು ತೆರೆದವು. ಜನ ಬಂದರು, ಬರದೆ ಏನು ಮಾಡಿಯಾರು, ಅಂಥ ದನಿ ಅದು! ಫಕ್ಕೀರಪ್ಪನ ಒನಕೆ ತಾನಾಗಿ ಇಳಿಯಿತು. ಆದರೆ ಮುಖ ಕೆಂಪೇರಿತ್ತು. ಜನರ ನಡುವೆ ಅಡಿವೆಪ್ಪನೂ ಇದ್ದ, ಪಕ್ಕದ ಮನೆಯ ಸರದಿಂದ ಗೆದ್ದಲಿನ ಮಣಿ ಕೀಳಲು ಬಂದವನು. ಫಕ್ಕೀರಪ್ಪ ಅವನ ತೋಳು ಹಿಡಿದು ಎಳೆತಂದ.

"ಎಳಿ ಕೊಕ್ಕಿ!"

"ಮಾತು ಹೇಳ್ರಿ."

ಈರವ್ವ ಕೂಗುತ್ತಲೇ ಇದ್ದಳು, ನಾಯಿ ಬೊಗಳುತ್ತಲೇ ಇತ್ತು, ಗೋಡೆಯ ಮೇಲೆ ಹುಂಜ. ಫಕ್ಕೀರಪ್ಪ ಹೊಸ್ತಿಲ ಮೇಲೆ ನಿಂತು, ಕುತ್ತಿಗೆಯ ನರ ಉಬ್ಬುವ ಹಾಗೆ, ಅವರೆಲ್ಲರ ದನಿಯನ್ನೂ ಮೀರಿಸಿ ಅರಚಿದ. "ಈ ಮನ್ಯಾಗ ಬಾಯಿ ಮಾಡೂವಂಥಾದ್ದು ಒಂದೂ ಉಳೀಬಾರದು! ಒಂದೂ!"

ಅಡಿವೆಪ್ಪ ಅವನ ಮುಖ ನೋಡಿದ. "ಇಷ್ಟ ಏನ್ರಿ ಮಾತು? ಮತ್ತೇನರ ಸೇರಸ್ತೀರೇನು?"

"ಎಳೀ ಅಂದ್ರ ಎಳೀ!"

ಕೊಕ್ಕೆ ಎಲ್ಲಕ್ಕಿಂತ ಮೇಲಿನ ಮಣಿಯಲ್ಲೇ, ಅರಚಿದವನ ಮಣಿಯಲ್ಲೇ, ಮೊದಲು ನಿಂತಿತು. ಆ ಮಣಿ ಬಿದ್ದ ಸಪ್ಪಳ ನನಗೆ ಕೇಳಿತು. ಆಮೇಲೆ ಒನಕೆಯನ್ನು ದಾಟಿ ಈರವ್ವನದು. ಬೀಸುವ ಕಲ್ಲು ಉಳಿಯಿತು, ಬಾವಿ ಉಳಿಯಿತು. ಹುಂಜನದು ಬಿತ್ತು, ನಾಯಿಯದು ಬಿತ್ತು. ಉಳಿದ ಮೂರು ಮಣಿ ಜಾರಿ ಒಂದಕ್ಕೊಂದು ಕೂಡಿದವು, ಸಂದಿಲ್ಲದ ಹಾಗೆ. ಫಕ್ಕೀರಪ್ಪ ಅಂಗಳದಲ್ಲಿ ನಿಂತಿದ್ದ. ತಾನು ಯಾವಾಗ ಹೊಸ್ತಿಲು ಬಿಟ್ಟು ಇಳಿದೆ ಎಂಬುದು ಅವನಿಗೆ ತಿಳಿದಿರಲಿಲ್ಲ. ಕಾಲೆತ್ತಿ ಇಟ್ಟ. ಹೊಸ್ತಿಲು ಒಪ್ಪಲಿಲ್ಲ. ಮತ್ತೆ ಇಟ್ಟ.

ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದ. ಬಾಯಿ ತೆರೆದು "ಅಕ್ಕಾ" ಅಂದ. ಎಲ್ಲ ನೆನಪಾಗಿತ್ತು ಅವನಿಗೆ. ಬರಲಿ, ಎಲ್ಲ ಬರಲಿ ಎಂದುಕೊಂಡೆ.

ಈರವ್ವ ಅಂಗಳದ ಮಣ್ಣಿನಲ್ಲಿ ಕುಸಿದು ಕೂತಿದ್ದಳು. ಅವಳ ಕೈ ತಾನಾಗಿ ಹೋಗಿ ಹೊನ್ನಿಯ ಜಡೆ ಹಿಡಿಯಿತು. ಜಡೆಯನ್ನು ತಿರುವಿ ತಿರುವಿ ನೋಡಿದಳು. "ಯಾರ ಹಾಕ್ಯಾರ ಹಿಂಗ ಸೊಟ್ಟ?" ಅಂದಳು. ಹೊನ್ನಿ ಅವ್ವನ ಕುತ್ತಿಗೆಗೆ ಬಿದ್ದಳು. "ಮುಂದಿನ ಮನಿಗೆ ಹೋಗಂದ್ನಲ್ಲ ನಿನಗ, ದಿನಾ ಅಂದ್ನಲ್ಲ," ಎಂದು ಈರವ್ವ ಎದೆ ಬಡಿದುಕೊಂಡು ಅತ್ತಳು, ಈ ಸಲ ಸೆರಗು ಬಾಯಿಗಿಟ್ಟುಕೊಳ್ಳದೆ. ಅಡಿವೆಪ್ಪ ಮೂರು ಮಣಿ ನನ್ನ ಉಡಿಗೆ ಹಾಕಿದ. ನಾಲ್ಕನೆಯದನ್ನು ಅದರ ಧಣಿಯ ಕೈಯಲ್ಲಿಟ್ಟ.

ಗಾಣದ ಮನೆಯ ಸರ ಈಗ ಉದ್ದವಾಗಿದೆ. ಕತ್ತರಿಯ ಕೆಳಗೆ ಈರವ್ವ, ಅವಳ ಕೆಳಗೆ ಹುಂಜ, ಎಲ್ಲರಿಗೂ ಕಾವಲಾಗಿ ತುದಿಯಲ್ಲಿ ನಾಯಿ. ಗದ್ದಲವೆಂದರೆ ಗದ್ದಲ. ಬೆಳಗಾದರೆ ಹುಂಜ ಕೂಗಬೇಕು, ಹುಂಜನಿಗೆ ನಾಯಿ ಬೊಗಳಬೇಕು, ನಾಯಿಗೆ ಹೊನ್ನಿ ಬೈಯಬೇಕು, ಹೊನ್ನಿಗೆ ನಾನು. ಈರವ್ವ ರೊಟ್ಟಿ ಬಡಿದರೆ ಕೆರೆಯ ದಂಡೆಯವರೆಗೆ ಕೇಳುತ್ತದೆ. ಆ ಹಳೆಯ ಮನೆಯ ಬಾಗಿಲು ತೆರೆದೇ ಇದೆ. ಬರಮಾಡಿಕೊಳ್ಳುವ ಯಜಮಾನ ಇಲ್ಲವಾದ್ದರಿಂದ ಯಾರೂ ಒಳಗೆ ಹೋಗಲಾರರು.

ಫಕ್ಕೀರಪ್ಪ ಕೆಲವು ದಿನ ಅವರಿವರ ಕಟ್ಟೆಯ ಮೇಲೆ ಮಲಗಿದನಂತೆ. ಆಮೇಲೆ ಒಂದು ದಿನ ರೊಟ್ಟಿಯ ಹೊತ್ತಿಗೆ ನಮ್ಮ ಕೌದಿಯ ಮುಂದೆ ಬಂದು ನಿಂತ. ಸೊರಗಿದ್ದ. ಮಣಿಯನ್ನು ಅಂಗೈಯಲ್ಲಿ ಹಿಡಿದುಕೊಂಡಿದ್ದ. "ಅಕ್ಕಾ, ನನ್ನೂ ಪೋಣಿಸ. ನಾಯಿ ಹಿಂದ ಹಾಕಿದರೂ ಸಾಕು," ಎಂದ. ಎಷ್ಟು ಸಣ್ಣ ದನಿ! ಎಲ್ಲಿ ಕಲಿತ ಅದನ್ನು?

ನನ್ನ ಕೈಯಲ್ಲಿ ಸೂಜಿ ಇತ್ತು, ಸೂಜಿಯಲ್ಲಿ ದಾರ ಇತ್ತು. ಯಾಕೆ ಸುಳ್ಳು ಹೇಳಲಿ, ಕೈ ಅವನ ಮಣಿಯ ಕಡೆ ಚಾಚಿತು. ಲಾಡಿ ಕಟ್ಟಿದ ಕೈ ಅದು. ಸಿಟ್ಟು ಬಂತು ಅವನ ಮೇಲೆ, ಅದಕ್ಕಿಂತ ಹೆಚ್ಚು ನನ್ನ ಕೈಯ ಮೇಲೆ. ನಾನು ತಿರುಗಿ ಈರವ್ವನನ್ನು ನೋಡಿದೆ. ಹೊಡೆತ ತಿಂದವಳು ಅವಳು. ಅವಳು ಏನು ಹೇಳಿದರೂ ಅದೇ ಈ ಮನೆಯ ಮಾತು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಈರವ್ವ ಹಂಚನ್ನು ಒಲೆಯಿಂದ ಇಳಿಸಿದಳು. ಕೈ ಒರೆಸಿಕೊಂಡಳು. ಬಿಸಿ ರೊಟ್ಟಿಯ ಬುಟ್ಟಿಯನ್ನು ಮುಟ್ಟಲಿಲ್ಲ. ನನ್ನ ಚಿಂದಿ ಬುಟ್ಟಿಯ ಪಕ್ಕದ ಗಂಟು ಬಿಚ್ಚಿ, ತಾನು ಮಗಳಿಗೆ ಭಿಕ್ಷೆಯೆಂದು ಕೊಟ್ಟ ಆ ಅರ್ಧ ರೊಟ್ಟಿಗಳಲ್ಲಿ ಒಂದನ್ನು ತೆಗೆದುಕೊಂಡಳು. ಕೌದಿ ಸರಿಸಿ, ಹೊಸ್ತಿಲ ಒಳಗಿನಿಂದಲೇ, ಮಣಿ ಹಿಡಿದಿದ್ದ ಆ ಅಂಗೈಯ ಮೇಲೆ ರೊಟ್ಟಿ ಇಟ್ಟಳು. ಅವನು ಯಾರೆಂದು ಅವಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅವನ ಕಣ್ಣಲ್ಲಿ ಕಣ್ಣಿಟ್ಟು, ಇಡೀ ಊರಿಗೆ ಕೇಳುವ ದನಿಯಲ್ಲಿ ಅಂದಳು:

"ಮುಂದಿನ ಮನಿಗೆ ಹೋಗಪಾ."